ಮಡಕೆಗೂ ಮೊದಲು ಮೈ

ಕುಂಬಾರಿಕೆ ಎಂದೊಡನೆ ನಮಗೆ ನೆನಪಾಗುವುದು ಮಡಕೆ. ಆದರೆ ಅಡುಗೆಯ ಮಡಕೆ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಮನುಷ್ಯರು ಮಣ್ಣಿನಲ್ಲಿ ಹೆಣ್ಣಿನ ಮೈ ಮಾಡಿ ಬೆಂಕಿಗೆ ಹಾಕಿದ್ದರು. 1925ರ ಜುಲೈ 13ರಂದು, ಈಗಿನ ಝೆಕ್ ಗಣರಾಜ್ಯದ ಡೋಲ್ನಿ ವೆಸ್ತೊನಿಟ್ಸೆಯಲ್ಲಿ ಕರೆಲ್ ಅಬ್ಸೊಲೊನ್ ನಡೆಸುತ್ತಿದ್ದ ಉತ್ಖನನದಲ್ಲಿ, ಬೂದಿಯ ಪದರದೊಳಗೆ ಅಂಥ ಬೊಂಬೆಯೊಂದು ಎರಡು ತುಂಡಾಗಿ ಸಿಕ್ಕಿತು. ಎತ್ತರ 11 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಸುತ್ತದೆ. ವಯಸ್ಸು 25 ಸಾವಿರ ವರ್ಷಕ್ಕೂ ಹೆಚ್ಚು. ಜೋತ ಮೊಲೆ, ಅಗಲವಾದ ಸೊಂಟ, ಬೆನ್ನ ಮೇಲೆ ಕೊಬ್ಬಿನ ಮಡಿಕೆಗಳು. ಮುಖದಲ್ಲಿ ಕಣ್ಣಿಗೆಂದು ಎರಡು ಗೀರು, ಅಷ್ಟೇ.

ಇವಳನ್ನೂ 'ವೀನಸ್' ಎಂದೇ ಕರೆದರು. ಆ ಹೆಸರಿನ ಹಿಂದೆ ಒಂದು ಕುಹಕವಿದೆ. 1864ರಲ್ಲಿ ಫ್ರಾನ್ಸಿನಲ್ಲಿ ದಂತದ ಹೆಣ್ಣುಬೊಂಬೆಯೊಂದು ಸಿಕ್ಕಾಗ ಮಾರ್ಕ್ವಿಸ್ ದ ವಿಬ್ರೇ ಅದಕ್ಕೆ 'ನಾಚಿಕೆಗೆಟ್ಟ ವೀನಸ್' ಎಂದು ಹೆಸರಿಟ್ಟ. ಅಮೃತಶಿಲೆಯ ವೀನಸ್ಸುಗಳು ಕೈಯಿಂದ ಮಾನ ಮುಚ್ಚಿಕೊಳ್ಳುತ್ತವೆ, ಇದು ಮುಚ್ಚಿಕೊಂಡಿಲ್ಲ ಎಂಬುದು ಅವನ ಹಾಸ್ಯ. ಹಾಸ್ಯ ಮರೆತುಹೋಯಿತು, ಹೆಸರು ಶಾಸ್ತ್ರದ ಪದವಾಗಿ ಉಳಿಯಿತು. ಫಲವತ್ತತೆಯ ದೇವತೆ ಎಂದವರೂ ಇದ್ದಾರೆ. ದಪ್ಪಗಿರುವ ಹೆಣ್ಣು ಒಂದೋ ನಗೆಪಾಟಲಾಗಬೇಕು, ಇಲ್ಲವೇ ದೇವಿಯಾಗಬೇಕು; ಸುಮ್ಮನೆ ಒಬ್ಬ ಹೆಂಗಸಾಗಿರಲು ಅವಕಾಶವೇ ಸಿಗಲಿಲ್ಲ.

1996ರಲ್ಲಿ ಲೆರಾಯ್ ಮೆಕ್‌ಡರ್ಮಟ್ ಬೇರೆಯದೇ ಪ್ರಶ್ನೆ ಎತ್ತಿದ. ಕನ್ನಡಿಯಿಲ್ಲದ ಕಾಲದಲ್ಲಿ ಹೆಂಗಸು ತಲೆ ಬಗ್ಗಿಸಿ ತನ್ನನ್ನೇ ನೋಡಿಕೊಂಡರೆ ಏನು ಕಾಣುತ್ತದೆ? ದೊಡ್ಡದಾಗಿ ಎದೆ, ಹೊಟ್ಟೆ. ದೂರದಲ್ಲಿ ಸಣ್ಣಗಾದ ಕಾಲು. ಮುಖ ಕಾಣುವುದೇ ಇಲ್ಲ. ಇಂಥ ಬೊಂಬೆಗಳ ಅಳತೆಯೂ ಹೀಗೇ ಇದೆಯಲ್ಲ, ಇವನ್ನು ಮಾಡಿದವರು ಹೆಂಗಸರೇ ಇರಬಹುದಲ್ಲ ಎಂಬುದು ಅವನ ವಾದ. ನನಗೆ ಇದು ಬಹಳ ಹಿಡಿಸಿತು, ಪೂರ್ತಿ ಒಪ್ಪಿಗೆಯಾಗಲಿಲ್ಲ. ಬೆನ್ನಿನ ಆ ಮಡಿಕೆಗಳನ್ನು ತಲೆ ಬಗ್ಗಿಸಿ ಕಾಣಲಾಗದು. ಕೈಗೆ ತಿಳಿದದ್ದನ್ನು ಕೈ ಮಾಡಿರಬೇಕು, ಅಥವಾ ಅವಳನ್ನು ಹತ್ತಿರದಿಂದ ಬಲ್ಲ ಇನ್ನೊಬ್ಬರು ಮಾಡಿರಬೇಕು.

ಆ ಜಾಗದಲ್ಲಿ ಸುಟ್ಟ ಮಣ್ಣಿನ ಚೂರುಗಳು ಸಾವಿರಾರು ಸಿಕ್ಕಿವೆ. ಪಮೇಲಾ ವ್ಯಾಂಡಿವರ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಲವು ಬೊಂಬೆಗಳು ಬೆಂಕಿಯಲ್ಲೇ ಸಿಡಿದವು. ಒದ್ದೆ ಮಣ್ಣನ್ನು ಬೇಕೆಂದೇ ಬೆಂಕಿಗೆ ಹಾಕಿ ಸಿಡಿಸಿರಲೂಬಹುದು. ಹಾಗಿದ್ದರೆ ಇವು ಇಟ್ಟು ನೋಡಲು ಮಾಡಿದವೇ ಅಲ್ಲ. ಈಗ ಮಾತ್ರ ಇವಳು ಬ್ರನೋ ನಗರದ ಮೊರಾವಿಯನ್ ಮ್ಯೂಸಿಯಮ್ಮಿನ ಸ್ವತ್ತು. ಮೈ ಮೇಲೆ ಒಂದು ಬೆರಳಚ್ಚೂ ಉಳಿದಿದೆ. ಸುಡುವ ಮೊದಲು, ಮಣ್ಣು ಹಸಿಯಿದ್ದಾಗ, ಯಾವುದೋ ಮಗು ಅವಳನ್ನು ಎತ್ತಿಕೊಂಡಿತ್ತು.