ಮರಳಿಯ ಹೊಲ, ವಿಜ್ಞಾನದ ಮಾತು

ಗಂಗಾವತಿ ತಾಲೂಕಿನ ಮರಳಿ 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತು. 1917ರಲ್ಲಿ ಹೈದರಾಬಾದಿನಲ್ಲಿ 'ದಾರುಲ್ ತರ್ಜುಮಾ' ಎಂಬ ಅನುವಾದ ಸಂಸ್ಥೆ ತೆರೆಯಿತು. ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿ ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲೇ ಕಲಿಸಿದರು. ಅದು ನಮಗೆ ಹೆಮ್ಮೆಯ ಸಂಗತಿ. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 'ವಿಜ್ಞಾನ' ಮಾಸಪತ್ರಿಕೆ ಆರಂಭಿಸಿದರು. ಎರಡು ವರ್ಷಗಳಲ್ಲೇ ಅದು ನಿಂತಿತು.

ಮರಳಿಯ ರೈತನ ಮಾತು ಕನ್ನಡ. ಅವನ ಸರ್ಕಾರದ ವಿಜ್ಞಾನ ಉರ್ದುವಿನಲ್ಲಿತ್ತು, ಕನ್ನಡದ ವಿಜ್ಞಾನ ಇನ್ನೊಂದು ರಾಜ್ಯದಲ್ಲಿತ್ತು. ಭೌತಶಾಸ್ತ್ರಕ್ಕೆ ಉರ್ದುವಿನವರು 'ತಬೀಯಾತ್' ಎಂದರು. ಅರಬ್ಬಿಯಿಂದ ಬಂದ ಆ ಪದವೂ ಸಂಸ್ಕೃತದಿಂದ ಬಂದ ಈ ಪದವೂ ಅವನ ಹೊಲಕ್ಕೆ ಒಂದೇ ದೂರ.

1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯಿತು. ಎಡದಂಡೆ ಕಾಲುವೆ ಈ ಸೀಮೆಯನ್ನು ಭತ್ತದ ಕಣಜ ಮಾಡಿತು. ಆದರೆ ನೀರು ಬಸಿಯದೆ ನಿಂತ ಕಡೆ ಅಂತರ್ಜಲ ಮೇಲೇರಿ, ನೆಲದೊಳಗಿನ ಉಪ್ಪನ್ನು ಬೇರಿನವರೆಗೆ ತಂದಿತು. ಪುಸ್ತಕಗಳು ಇದನ್ನು 'ಲವಣೀಯತೆ' ಎಂದವು. ರೈತರಲ್ಲಿ ಮೊದಲೇ ಪದಗಳಿದ್ದವು: ಸವಳು, ಜವಳು. ಆ ಪದಗಳಿಂದಲೇ ಮಾತು ಶುರುಮಾಡಿದರೆ ಬಸಿಗಾಲುವೆ ಏಕೆ ಬೇಕೆಂದು ಯಾರಿಗೂ ತಿಳಿಯುತ್ತದೆ.

ವಿಜ್ಞಾನವನ್ನು ಜನರಿಗೆ ಮುಟ್ಟಿಸಲು ಹೊಸ ಪದ ಕಟ್ಟಿದರಷ್ಟೇ ಸಾಲದು, ಜನರ ಪದವನ್ನೂ ಕೇಳಬೇಕು. ಎರಡು ಭಾಷೆ ಕಲಿತ ನಾವು ಆ ಕೇಳುವ ಕೆಲಸವನ್ನೇ ಮರೆತಿದ್ದೇವೆ.