ಇರುಳಿನಲ್ಲಿ ಹೊತ್ತಿಸಿದ ಜ್ಯೋತಿ

ಬೆಳಕನ್ನು ದೈವತ್ವದ ಕುರುಹಾಗಿ ಕಾಣದ ಧರ್ಮವಿಲ್ಲ. ನಮ್ಮ ನೆರೆಹೊರೆಯವರು ಕಾರ್ತಿಕ ಮಾಸದಲ್ಲಿ ಸಾಲುದೀಪಗಳನ್ನು ಹಚ್ಚುತ್ತಾರೆ. ಮುಸ್ಸಂಜೆಯಲ್ಲಿ ದೀಪ ಬೆಳಗಿ ಕೈಮುಗಿಯುವ ಪದ್ಧತಿ ಈ ಸೀಮೆಯ ಎಲ್ಲ ಮನೆಗಳಿಗೂ ಸಮಾನವಾದದ್ದು. ಕ್ರೈಸ್ತ ಧರ್ಮವೂ ತನ್ನ ಪ್ರಭುವನ್ನು ಲೋಕದ ಜ್ಯೋತಿಯೆಂದೇ ಸಾರುತ್ತದೆ. ಹೀಗಿದ್ದರೂ ಕ್ರೈಸ್ತರು ಹೇಳುವ ಆತ್ಮಜ್ಯೋತಿಗೆ ಒಂದು ವಿಶೇಷ ಲಕ್ಷಣವುಂಟು. ಅದು ಇರುಳು ಕಳೆದ ಮೇಲೆ ಮೂಡುವ ಬೆಳಕಲ್ಲ. ಇರುಳಿನ ನಡುವೆಯೇ ಹೊತ್ತಿಸಿದ ಬೆಳಕು. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಈ ಸತ್ಯವನ್ನು ಧರ್ಮಸಭೆಯ ಚರಿತ್ರೆಯಿಂದಲೂ ನಮ್ಮ ಸೀಮೆಯ ಚರಿತ್ರೆಯಿಂದಲೂ ಮನನ ಮಾಡಿಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ.

ಪವಿತ್ರ ಗ್ರಂಥದ ಸಾಕ್ಷ್ಯ

ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ದೇವರು ಬೆಳಕನ್ನು ಉಂಟುಮಾಡಿದ್ದು ಮೊದಲನೆಯ ದಿನ. ಸೂರ್ಯ ಚಂದ್ರರನ್ನು ಸೃಷ್ಟಿಸಿದ್ದು ನಾಲ್ಕನೆಯ ದಿನ. ದೇವರ ಬೆಳಕು ಸೂರ್ಯನನ್ನು ಕಾದು ನಿಂತದ್ದಲ್ಲ. ಪ್ರಭುವಿನ ಜನನವಾರ್ತೆ ಕುರುಬರಿಗೆ ತಿಳಿದದ್ದು ರಾತ್ರಿ ಮಂದೆ ಕಾಯುತ್ತಿದ್ದಾಗ. ಯೂದನು ಕಡೆಯ ಭೋಜನದಿಂದ ಎದ್ದು ಹೊರನಡೆದಾಗ ರಾತ್ರಿಯಾಗಿತ್ತೆಂಬುದನ್ನು ಸಂತ ಯೊವಾನ್ನರು ಮರೆಯದೆ ದಾಖಲಿಸುತ್ತಾರೆ. ಶಿಲುಬೆಯ ದಿನ ನಡುಹಗಲೇ ಕತ್ತಲಾಯಿತು. ಮಗ್ದಲದ ಮರಿಯಮ್ಮನವರು ಸಮಾಧಿಯ ಬಳಿಗೆ ಬಂದದ್ದೂ ಇನ್ನೂ ಕತ್ತಲಿರುವಾಗಲೇ. ಅದೇ ದಿನ ಸಂಜೆ, ಶಿಷ್ಯರು ಭಯದಿಂದ ಕದ ಮುಚ್ಚಿಕೊಂಡು ಕುಳಿತಿದ್ದಾಗ, ಪ್ರಭುವು ಅವರ ನಡುವೆ ನಿಂತು ಶಾಂತಿಯನ್ನು ಹರಸಿದರು. ಹೊರಗಿನ ಅಪಾಯ ಆಗ ಕೊಂಚವೂ ಕಡಮೆಯಾಗಿರಲಿಲ್ಲ. ಆದುದರಿಂದ ಕ್ರೈಸ್ತನು ಹೇಳುವ ಶಾಂತಿ ಅಪಾಯದ ಅಭಾವವಲ್ಲ. ಭರವಸೆ ಎಂಬುದು ನಾಳೆ ಎಲ್ಲವೂ ಸರಿಹೋದೀತೆಂಬ ಲೆಕ್ಕಾಚಾರವಲ್ಲ. ಕತ್ತಲಲ್ಲಿಯೂ ಪ್ರಭು ಜೊತೆಗಿದ್ದಾರೆಂಬ ಅರಿವೇ ಅವೆರಡರ ಮೂಲ.

ಆದಿ ಕ್ರೈಸ್ತರು ದೀಕ್ಷಾಸ್ನಾನವನ್ನು ‘ಪ್ರಕಾಶ ಪಡೆಯುವುದು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರೆಂದು ಎರಡನೆಯ ಶತಮಾನದ ಸಂತ ಜಸ್ಟಿನರ ಬರಹದಿಂದ ತಿಳಿದುಬರುತ್ತದೆ. ಇಂದಿಗೂ ಮಗುವಿನ ದೀಕ್ಷಾಸ್ನಾನದ ವೇಳೆ ಪಾಸ್ಖ ದೀಪದಿಂದ ಒಂದು ಮೇಣದ ಬತ್ತಿಯನ್ನು ಹೊತ್ತಿಸಿ ತಂದೆತಾಯಿಯರ, ಜ್ಞಾನಪಿತರ ವಶಕ್ಕೆ ಒಪ್ಪಿಸುವುದು ಆ ಪುರಾತನ ಭಾವನೆಯ ಮುಂದುವರಿಕೆಯೇ ಆಗಿದೆ.

ಹಗಲಿಗೆ ಸರಿದ ಜಾಗರಣೆ

ಪಾಸ್ಖ ಜಾಗರಣೆ ಆದಿ ಶತಮಾನಗಳಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಕಾಲಕ್ರಮೇಣ ಅದು ಸಂಜೆಗೆ, ಅನಂತರ ಮಧ್ಯಾಹ್ನಕ್ಕೆ, ಕಡೆಗೆ ಶನಿವಾರದ ಬೆಳಗಿಗೆ ಸರಿಯಿತು. 1566ರಲ್ಲಿ ಜಗದ್ಗುರು ಐದನೆಯ ಭಕ್ತಿನಾಥರು (ಪಿಯುಸರು) ಮಧ್ಯಾಹ್ನದ ನಂತರ ಪೂಜೆ ಅರ್ಪಿಸುವುದನ್ನು ನಿಷೇಧಿಸಿದ ಮೇಲೆ ಈ ಪದ್ಧತಿ ಸ್ಥಿರಗೊಂಡಿತು. ಪರಿಣಾಮವಾಗಿ, ಸುಮಾರು ನಾಲ್ಕು ಶತಮಾನಗಳ ಕಾಲ, ಕಿಟಕಿಗಳಿಂದ ಬಿಸಿಲು ಧಾರಾಳವಾಗಿ ಸುರಿಯುತ್ತಿರುವಾಗ ಹೊಸ ಬೆಂಕಿಯನ್ನು ಆಶೀರ್ವದಿಸಿ, ಹಗಲಿನಲ್ಲಿ ನಿಂತು ಆ ಪುಣ್ಯರಾತ್ರಿಯನ್ನು ಲತೀನ್ ಭಾಷೆಯಲ್ಲಿ ಹಾಡಿ ಹೊಗಳುವ ವಿಚಿತ್ರ ಸ್ಥಿತಿ ಉಂಟಾಗಿತ್ತು. ಬಿಸಿಲಿನಲ್ಲಿ ಹಚ್ಚಿದ ದೀಪ ಕಣ್ಣಿಗೆ ಕಾಣದು. ವಿಧಿ ಉಳಿದಿತ್ತು, ಅದರ ಅರ್ಥ ಮಸುಕಾಗಿತ್ತು.

1951ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಜಾಗರಣೆಯನ್ನು ಮರಳಿ ರಾತ್ರಿಯಲ್ಲಿ ನಡೆಸಲು ಪ್ರಾಯೋಗಿಕವಾಗಿ ಅನುಮತಿ ಇತ್ತರು. 1955ರ ನವೆಂಬರಿನಲ್ಲಿ ಹೊರಟ ಆಜ್ಞೆಯಂತೆ 1956ರಿಂದ ಅದು ಎಲ್ಲೆಡೆ ಕಡ್ಡಾಯವಾಯಿತು. ಇನ್ನೊಂದು ಮಹತ್ವದ ಬದಲಾವಣೆಯೂ ಇದರೊಡನೆ ಬಂದಿತು. ಜನರೂ ತಮ್ಮ ತಮ್ಮ ಕೈಗಳಲ್ಲಿ ಮೇಣದ ಬತ್ತಿ ಹಿಡಿದು, ಪಾಸ್ಖ ದೀಪದಿಂದ ಜ್ವಾಲೆಯನ್ನು ಪಡೆದು, ಒಬ್ಬರಿಂದೊಬ್ಬರಿಗೆ ದಾಟಿಸತೊಡಗಿದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯನ್ನು ಕುರಿತ ಸಂವಿಧಾನವನ್ನು ಪ್ರಕಟಿಸಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಮುಂದಿನ ವರ್ಷಗಳಲ್ಲಿ ಆ ರಾತ್ರಿಯ ಘೋಷಣೆ ಕನ್ನಡದಲ್ಲಿಯೇ ಮೊಳಗಿತು. ಹೀಗೆ ಬೆಳಕು ಇರುಳಿಗೆ ಹಿಂದಿರುಗಿತು, ಜನರ ಕೈಗೆ ಬಂದಿತು, ಜನರ ನುಡಿಗೂ ಬಂದಿತು.

ನಮ್ಮ ಸೀಮೆಯ ಇರುಳುಗಳು

ಆರಾಧನೆಯ ವಿಧಿ ಹಗಲಿಗೆ ಸರಿದಿದ್ದ ಶತಮಾನಗಳಲ್ಲಿ ನಮ್ಮ ಪೂರ್ವಿಕರ ಬದುಕು ಮಾತ್ರ ಹಲವು ಇರುಳುಗಳನ್ನು ಹಾದು ಬಂದಿತು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿಯವರು 1648-49ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಸ್ತಿಭಾರ ಹಾಕಿದರು. ಅವರು ಕನ್ನಡ ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶದ ಬರಹಗಳನ್ನು ರಚಿಸಿದರು. ಕನಕಪುರದ ಆಸುಪಾಸಿನ ಹಳ್ಳಿಗಳ ಕ್ರೈಸ್ತರು ತಮ್ಮ ವಿಶ್ವಾಸದ ಬೇರನ್ನು ಆ ಮಿಷನ್ನಿನ ಕಾಲದಲ್ಲಿಯೇ ಕಾಣುತ್ತಾರೆ.

ಆದರೆ 1759ರಲ್ಲಿ ಪೋರ್ಚುಗಲ್ ತನ್ನ ಅಧೀನದ ನಾಡುಗಳಿಂದ ಯೇಸುಸಭೆಯವರನ್ನು ಹೊರದೂಡಿತು. 1773ರಲ್ಲಿ ಜಗದ್ಗುರುಗಳೇ ಆ ಸಭೆಯನ್ನು ವಿಸರ್ಜಿಸಿದರು. ಚದುರಿದ ಹಳ್ಳಿಗಳಿಗೆ ಗುರುಗಳು ಬರುವುದು ದುರ್ಲಭವಾಯಿತು. ಅಷ್ಟರಲ್ಲಿ ಯುದ್ಧಗಳು ಬಂದವು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದತ್ತ ನಡೆದ ದಾರಿ ನಮ್ಮ ಈ ಕಾನಕಾನಹಳ್ಳಿಯ ಮೂಲಕವೇ ಹಾದುಹೋಗಿತ್ತು. ಶತ್ರುಸೈನ್ಯಕ್ಕೆ ಆಸರೆಯಾಗಬಾರದೆಂದು ಟಿಪ್ಪು ಸುಲ್ತಾನನು ಈ ಪಟ್ಟಣವನ್ನು ಎರಡು ಬಾರಿ ಹಾಳುಗೆಡವಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಸುಟ್ಟ ಊರಿನಲ್ಲಿ ಯಾರ ಮನೆ ಯಾವ ಧರ್ಮದ್ದೆಂಬ ಭೇದವಿರದು. ಎಲ್ಲರ ಒಲೆಗಳೂ ಒಟ್ಟಿಗೆ ಆರಿದವು.

1799ರ ನಂತರ ಫ್ರಾನ್ಸಿನ ಗುರು ಆಬೆ ದ್ಯುಬುವಾ ಅವರು ಮೈಸೂರು ಸೀಮೆಗೆ ಬಂದು ಚದುರಿದ ಮಂದೆಯನ್ನು ಒಟ್ಟುಗೂಡಿಸಿದರು. ನಾಡಿನ ಉಡುಗೆಯುಟ್ಟು, ನಾಡಿನ ಊಟ ಉಂಡು ಬಾಳಿದ ಅವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಗೌರವದಿಂದ ಕರೆದರು. ಸಿಡುಬಿನ ವಿರುದ್ಧ ದಾಕು ಹಾಕಿಸುವ ಕಾರ್ಯದಲ್ಲಿಯೂ ಅವರು ದುಡಿದರು. ಹೀಗೆ ದುಡಿದ ಅದೇ ಗುರುಗಳು 1823ರಲ್ಲಿ ಭಾರತವನ್ನು ಬಿಟ್ಟುಹೋದಾಗ, ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯವಿಲ್ಲವೆಂಬ ನಿರಾಶೆಯ ಗ್ರಂಥವೊಂದನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಅವರ ತರ್ಕದಲ್ಲಿ ಅನುಭವವಿತ್ತು, ಪ್ರಾಮಾಣಿಕತೆಯೂ ಇತ್ತು. ಆದರೂ ಅವರು ಸಾಕಿ ಸಲಹಿದ ಹಳ್ಳಿಯ ಮಂದಿ ಆ ಗ್ರಂಥವನ್ನು ಓದಲಿಲ್ಲ. ತಮ್ಮ ಹೊಂಗೆಎಣ್ಣೆಯ ದೀಪದ ಮುಂದೆ ಜಪಸರವನ್ನು ಹಿಡಿದು ಪ್ರಾರ್ಥಿಸುತ್ತ ಬಂದರು. ದೊಡ್ಡ ಸ್ವಾಮಿಯವರ ಶ್ರಮ ಅವರ ನಿರಾಶೆಗಿಂತ ದೀರ್ಘಾಯುವಾಯಿತು. ಭರವಸೆಯೆಂಬುದು ನಮ್ಮ ಮನಸ್ಸಿನ ಉಲ್ಲಾಸವನ್ನು ಅವಲಂಬಿಸಿಲ್ಲವೆಂಬುದಕ್ಕೆ ಇದಕ್ಕಿಂತ ಹಿರಿದಾದ ನಿದರ್ಶನ ಬೇಕೆ?

ಮುಂದೆ 1876-78ರ ಮಹಾಕ್ಷಾಮ ಬಂದಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಅನಾಥ ಮಕ್ಕಳನ್ನು ಎತ್ತಿ ಸಾಕುವುದೇ ಆ ದಿನಗಳ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಹಿರಿಯ ಪ್ರಾರ್ಥನೆಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಹರಿಯಿತು; ಹಳ್ಳಿಗಳು ಮಾತ್ರ ಅನೇಕ ದಶಕಗಳ ಕಾಲ ಎಣ್ಣೆದೀಪದಲ್ಲಿಯೇ ಉಳಿದವು. ಆ ಮಂಕು ಬೆಳಕಿನಲ್ಲಿ ಮಂತ್ರ ಜಪಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ತಾಯಂದಿರು, ಅಜ್ಜಿಯರು, ಉಪದೇಶಿಗಳು ಇವರೇ ನಮಗೆ ಜ್ಯೋತಿಯನ್ನು ದಾಟಿಸಿದವರು. ಅವರ ಹೆಸರುಗಳು ಯಾವ ಶಿಲಾಫಲಕದಲ್ಲಿಯೂ ಇಲ್ಲ.

ಬೆಟ್ಟವೂ ನೆರೆಮನೆಯೂ

ನಮ್ಮ ತಾಲ್ಲೂಕಿನ ಹಾರೋಬೆಲೆಯಲ್ಲಿ ಪ್ರಭುವಿನ ಯಾತನೆಯ ನಾಟಕ ಪ್ರತಿ ವರ್ಷ ತಪಸ್ಸುಕಾಲದ ಕೊನೆಯಲ್ಲಿ ನಡೆದುಬಂದಿದೆ. ಅದಕ್ಕೆ ಒಂದು ಶತಮಾನಕ್ಕೂ ಮೀರಿದ ಪರಂಪರೆಯಿದೆ. ಊರಿನ ರೈತಾಪಿ ಮಂದಿಯೇ ಪಾತ್ರಧಾರಿಗಳು. ಅದನ್ನು ನೋಡಲು ಎಲ್ಲ ಧರ್ಮದವರೂ ಬರುತ್ತಾರೆ. ಅದೇ ಗ್ರಾಮದ ಕಪಾಲಬೆಟ್ಟದ ಮೇಲೆ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ 2019ರ ಕ್ರಿಸ್ತಜಯಂತಿಯಂದು ಶಂಕುಸ್ಥಾಪನೆಯಾದಾಗ, ನೆಲವನ್ನು ಕುರಿತು, ಬೆಟ್ಟದ ಹೆಸರನ್ನು ಕುರಿತು ವಿವಾದವೆದ್ದು 2020ರ ಜನವರಿಯಲ್ಲಿ ಕನಕಪುರದಲ್ಲಿ ಪ್ರತಿಭಟನೆ ನಡೆದದ್ದು ಸರ್ವವಿದಿತ. ಆ ವಾದದ ತೀರ್ಪು ಈ ಲೇಖನದ ಉದ್ದೇಶವಲ್ಲ. ಆದರೆ ಅದು ನಮ್ಮೆಲ್ಲರ ಮುಂದಿಟ್ಟ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಬೆಟ್ಟದ ಮೇಲಿನ ಜ್ಯೋತಿಯನ್ನು ಕುರಿತು ಪ್ರಭು ನುಡಿದಾಗ ಅವರು ತೋರಿದ್ದು ಶಿಷ್ಯರ ಸತ್ಕಾರ್ಯಗಳನ್ನು. ಅಡಿಗಳಲ್ಲಿ ಅಳೆಯಬಹುದಾದದ್ದು ಕಲ್ಲು; ಬೆಳಕಿನ ಅಳತೆ ನೆರೆಮನೆಯವನ ಸಮಾಧಾನದಲ್ಲಿದೆ. ರೋಗಿಯ ಬಳಿ ಕುಳಿತವನು, ದಾಯಾದಿಯೊಡನೆ ರಾಜಿಯಾದವನು, ಕೆರಳಿದ ಮಾತಿಗೆ ಮೌನದಿಂದ ಉತ್ತರಿಸಿದವನು ಹಚ್ಚಿದ ದೀಪವನ್ನು ಯಾರೂ ಆಕ್ಷೇಪಿಸಲಾರರು.

ಮೇಣದ ಮೇಲೆ ಕೊರೆದ ಇಸವಿ

1951ರ ನವೀಕೃತ ವಿಧಿ ಬಂದಂದಿನಿಂದ, ಪಾಸ್ಖ ದೀಪವನ್ನು ಹೊತ್ತಿಸುವ ಮುನ್ನ ಗುರುಗಳು ಅದರ ಮೇಲೆ ಶಿಲುಬೆಯನ್ನೂ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳನ್ನೂ, ಆ ವರ್ಷದ ಇಸವಿಯ ನಾಲ್ಕು ಅಂಕಿಗಳನ್ನೂ ಕೊರೆಯುತ್ತಾರೆ. ಈ ವರ್ಷವೂ ಕ್ರಿಸ್ತರದೇ ಎಂಬುದು ಅದರ ಅರ್ಥ. ಮಳೆ ಬಂದ ವರ್ಷ, ಬರ ಬಿದ್ದ ವರ್ಷ ಎಂಬ ಭೇದವಿಲ್ಲದೆ ಅಂಕಿಗಳನ್ನು ಕೊರೆಯಲಾಗುತ್ತದೆ. 2020ರ ಏಪ್ರಿಲ್ 12ರ ಪಾಸ್ಖ ಹಬ್ಬ ಬಂದಾಗ ಸಾಂಕ್ರಾಮಿಕದ ಕಾರಣ ದೇಶವೇ ಬಾಗಿಲು ಮುಚ್ಚಿತ್ತು. ಜನರಿಲ್ಲದ ದೇವಾಲಯಗಳಲ್ಲಿ ಗುರುಗಳು ಜಾಗರಣೆ ನಡೆಸಿದರು, ಜನರು ಮನೆಗಳಲ್ಲಿಯೇ ಪ್ರಾರ್ಥಿಸಿದರು. ಮೊದಲ ಪಾಸ್ಖದ ಸಂಜೆಯೂ ಬಾಗಿಲುಗಳು ಮುಚ್ಚಿಯೇ ಇದ್ದವಲ್ಲವೆ?

ಪ್ರಿಯ ಭಕ್ತಾದಿಗಳೇ, ನೂರು ವರ್ಷವೆಂದರೆ ನೂರು ಜಾಗರಣೆಗಳು. ಹಿಂದಿನವರು ತಮ್ಮ ಕಾಲದ ಇರುಳಿನಲ್ಲಿ ಕಾಪಾಡಿದ ಜ್ವಾಲೆ ಈಗ ನಮ್ಮ ಕೈಯಲ್ಲಿದೆ. ಇನ್ನೊಬ್ಬರ ಬತ್ತಿಗೆ ಹಂಚಿದರೆ ಕುಂದದಿರುವುದು, ಬಚ್ಚಿಟ್ಟುಕೊಂಡರೆ ಹೊಗೆಯಾಗಿ ಆರುವುದು ಅದರ ಸ್ವಭಾವ. ಅದನ್ನು ನಮ್ಮ ಮಕ್ಕಳ ಕೈಗೆ, ನೆರೆಯವರ ಹೊಸ್ತಿಲಿಗೆ ಶಾಂತಿಯಿಂದ ದಾಟಿಸುವ ಕೃಪೆಯನ್ನು ಪ್ರಭು ಯೇಸುಕ್ರಿಸ್ತರು ನಮ್ಮೆಲ್ಲರಿಗೂ ಕರುಣಿಸಲಿ.