ಎಣ್ಣೆಯಿಲ್ಲದೆ ಏಳುವ ತೋಳು

ಲೀಬ್‌ಹೆರ್ ಆರ್ 9800 ಗಣಿಗಳಲ್ಲಿ ದುಡಿಯುವ, ಸುಮಾರು 800 ಟನ್ ತೂಕದ ಅಗೆಯುವ ಯಂತ್ರ. ಅದರ ಈ ಪುಟ್ಟ ಮಾದರಿಯನ್ನು ಡೆನ್ಮಾರ್ಕಿನ ಲೆಗೊ ಕಂಪನಿ 2019ರಲ್ಲಿ ಹೊರತಂದಿತು. 4,108 ಬಿಡಿಭಾಗಗಳು, 7 ಮೋಟಾರುಗಳು. ಎಲ್ಲೂ ಅಂಟು ಹಾಕಿಲ್ಲ.

ಮೂಲ ಯಂತ್ರದ ತೋಳನ್ನು ಎತ್ತುವುದು ಸಿಲಿಂಡರುಗಳೊಳಗಿನ ಹೈಡ್ರಾಲಿಕ್ ಎಣ್ಣೆಯ ಒತ್ತಡ. ಇಲ್ಲಿ ಆ ಸಿಲಿಂಡರುಗಳ ಜಾಗದಲ್ಲಿ ಬೂದುಬಣ್ಣದ ಪ್ಲಾಸ್ಟಿಕ್ ಕೊಳವೆಗಳಿವೆ. ಬಕೆಟ್ಟಿಗಿಂತ ಮೊದಲು ಅವನ್ನು ನೋಡಿ, ಮಾದರಿಯ ಜಾಣ್ಮೆಯೆಲ್ಲ ಅಲ್ಲೇ ಅಡಗಿದೆ. ಪ್ರತಿ ಕೊಳವೆಯೊಳಗೂ ಒಂದು ತಿರುಪು. ಮೋಟಾರು ಗಿಯರುಗಳ ಮೂಲಕ ಅದನ್ನು ಸುತ್ತಿಸಿದಂತೆ ಕೊಳವೆಯೊಳಗಿನ ದಂಡ ನಿಧಾನವಾಗಿ ಹೊರಚಾಚಿ ತೋಳನ್ನು ಎತ್ತುತ್ತದೆ. ಮೋಟಾರು ನಿಂತರೂ ತೋಳು ಕುಸಿಯದು: ಮೇಲಿನ ಭಾರಕ್ಕೆ ತಿರುಪು ತಾನಾಗಿ ಹಿಂದಕ್ಕೆ ಸುತ್ತುವುದಿಲ್ಲ.

ಒಂದು ನಿಯಂತ್ರಣ ಪೆಟ್ಟಿಗೆಗೆ ನಾಲ್ಕೇ ಮೋಟಾರು ಜೋಡಿಸಬಹುದಾದ್ದರಿಂದ ಎರಡು ಪೆಟ್ಟಿಗೆಗಳಿವೆ. ಚಾಲಕನ ಸೂಚನೆ ಮೊಬೈಲಿನಿಂದ ಬ್ಲೂಟೂತ್ ಮೂಲಕ ಬರುತ್ತದೆ.